ಕೆರೆ ಹೆಪ್ಪುಗಟ್ಟುವ ಮೊದಲು ದೋಣಿಯ ನೀರು ಇಳಿಸಿ

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಈ ಬೇಸಿಗೆಯಲ್ಲಿ 17 ಅಡಿಯ ಒಂದು ಹಳೇ ಅಲ್ಯೂಮಿನಿಯಂ ದೋಣಿ ಕೊಂಡೆ. ಹಿಂದೆ 60 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಮೀನು ಹಿಡಿಯಲು ಹೋಗುತ್ತೇವೆ, ಮಕ್ಕಳಿಗೆ ಖುಷಿ. ಈಗ ಚಳಿಗಾಲಕ್ಕೆ ಸಿದ್ಧ ಮಾಡಿ ಪ್ಲಾಸ್ಟಿಕ್ ಸುತ್ತಿ ಕೊಡಲು ಅಂಗಡಿಯವರು 600 ಡಾಲರ್ ಕೇಳುತ್ತಿದ್ದಾರೆ. ಪಕ್ಕದ ಮನೆಯವರು ಟಾರ್ಪಾಲು ಹೊದಿಸಿ ಬಿಟ್ಟರೆ ಸಾಕು ಅನ್ನುತ್ತಾರೆ. ವಿಡಿಯೋ ನೋಡಿದರೆ ಇಪ್ಪತ್ತು ಕೆಲಸ ಹೇಳುತ್ತಾರೆ. ಇದರಲ್ಲಿ ನಿಜಕ್ಕೂ ಬೇಕಾದದ್ದು ಯಾವುದು? ನಾನೇ ಮಾಡಬಹುದಾ? ಗೆಳೆಯನ ಹತ್ತಿರ ಒಳಗೇ ಎಂಜಿನ್ ಇರುವ ದೊಡ್ಡ ಬೋಟ್ ಇದೆ, ಎರಡನ್ನೂ ಒಟ್ಟಿಗೆ ಮಾಡೋಣ ಅನ್ನುತ್ತಿದ್ದಾನೆ. ಗ್ಯಾರೇಜಿನಲ್ಲಿ ಜಾಗ ಇಲ್ಲ, ದೋಣಿ ಮನೆ ಮುಂದೆ ಹೊರಗೇ ನಿಲ್ಲಬೇಕು.

ಉತ್ತರ: ನಿಮ್ಮ ದೋಣಿಯ ಕೆಲಸ ನೀವೇ ಮಾಡಿ. ಗೆಳೆಯರ ಬೋಟನ್ನು ಈ ವರ್ಷ ಮುಟ್ಟಬೇಡಿ, ಅದನ್ನು ಅಂಗಡಿಗೇ ಕೊಡಲಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇಪ್ಪತ್ತು ಕೆಲಸದ ಪಟ್ಟಿ ನೋಡಿ ಗಾಬರಿಯಾಗುವುದು ಸಹಜ. ನಾನು ಇಲ್ಲಿನ ಒಂದು ಬೋಟ್ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಎಂಜಿನ್ ಬಿಚ್ಚಿದವನು. ವಸಂತದಲ್ಲಿ ಒಡೆದು ಬರುತ್ತಿದ್ದ ದೋಣಿಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಒಂದೇ ಆಗಿತ್ತು. ಎಲ್ಲೋ ಒಂದು ಮೂಲೆಯಲ್ಲಿ ಸ್ವಲ್ಪ ನೀರು ಉಳಿದಿತ್ತು. ಚಳಿಯಿಂದ ಅಲ್ಯೂಮಿನಿಯಂಗೆ ಏನೂ ಆಗುವುದಿಲ್ಲ, ಎಣ್ಣೆಗೂ ಏನೂ ಆಗುವುದಿಲ್ಲ. ನೀರು ಮಾತ್ರ ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಉಬ್ಬುತ್ತದೆ. ಹಿಗ್ಗಲು ಜಾಗ ಇಲ್ಲದಿದ್ದರೆ ಎರಕದ ಕಬ್ಬಿಣವನ್ನೂ ಸೀಳುತ್ತದೆ. ಫ್ರೀಜರಿನಲ್ಲಿ ತುಂಬಿದ ಗಾಜಿನ ಬಾಟಲಿ ಮರೆತವರಿಗೆ ಇದು ಗೊತ್ತು.

ಹಾಗಾಗಿ ಪಟ್ಟಿಯ ಪ್ರತಿ ಕೆಲಸದ ಮುಂದೆ ಒಂದು ಪ್ರಶ್ನೆ ಕೇಳಿ: ಇಲ್ಲಿ ನೀರು ನಿಂತಿರಬಹುದಾ? ಹೌದು ಅಂದರೆ ಅದು ಈಗಲೇ ಆಗಬೇಕು. ಇಲ್ಲ ಅಂದರೆ ಏಪ್ರಿಲ್‌ವರೆಗೆ ಬಿಟ್ಟರೂ ದೋಣಿ ಸಾಯುವುದಿಲ್ಲ. ಪಾಲಿಷ್, ಸೀಟಿನ ಹೊಲಿಗೆ, ಹೊಸ ಸ್ಟಿಕ್ಕರ್, ಎಲ್ಲ ಆಮೇಲೆ.

ಯಾವಾಗ ಮಾಡಬೇಕು ಅಂತ ನೀವು ಕೇಳಿಲ್ಲ, ಆದರೆ ಜನ ಎಡವುವುದೇ ಅಲ್ಲಿ. ಕೆರೆ ಹೆಪ್ಪುಗಟ್ಟುವುದು ನವೆಂಬರ್ ಕೊನೆಗೋ ಡಿಸೆಂಬರಿಗೋ, ಇನ್ನೂ ಸಮಯ ಇದೆ ಅಂದುಕೊಳ್ಳುತ್ತಾರೆ. ಅಷ್ಟು ದೊಡ್ಡ ಕೆರೆ ತಣ್ಣಗಾಗಲು ವಾರಗಟ್ಟಲೆ ಬೇಕು. ನಿಮ್ಮ ಪಂಪಿನಲ್ಲಿ ಉಳಿದ ಅರ್ಧ ಲೋಟ ನೀರಿಗೆ ಒಂದು ರಾತ್ರಿ ಸಾಕು. ಇಲ್ಲಿ ಅಕ್ಟೋಬರಿನಲ್ಲೇ ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತದೆ. 25 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದು ಕೆಲವು ಗಂಟೆ ಅಲ್ಲೇ ನಿಂತರೆ ಅಪಾಯ ಶುರು. ನನ್ನ ಮನೆಯಲ್ಲಿ ಗಡುವು ಅಂದರೆ ಅಕ್ಟೋಬರ್ ಮೂರನೇ ವಾರ. ಶಿಕ್ಷಕರ ಸಮ್ಮೇಳನ ಅಂತ ಮಕ್ಕಳಿಗೆ ಗುರುವಾರ, ಶುಕ್ರವಾರ ರಜೆ ಇರುತ್ತದಲ್ಲ, ಆ ವಾರ. ಕೆಲವು ವರ್ಷ ಆಯುಧ ಪೂಜೆಯೂ ಅದರ ಆಸುಪಾಸಿಗೇ ಬರುತ್ತದೆ. ದೋಣಿ ತೊಳೆದು, ಎಣ್ಣೆ ಬದಲಿಸಿ, ಎಂಜಿನ್ನಿಗೆ ಒಂದು ಕುಂಕುಮದ ಬೊಟ್ಟು ಇಟ್ಟು ಹೊದಿಸಿಬಿಡುತ್ತೇನೆ. ಪಕ್ಕದ ಮನೆಯವರು ನಿಂಬೆಹಣ್ಣು ನೋಡಿ ಒಮ್ಮೆ ಏನು ಅಂತ ಕೇಳಿದ್ದರು. ಇನ್ಶೂರೆನ್ಸ್ ಅಂದೆ.

ಮೊದಲು ಗೇರ್ ಆಯಿಲ್. ನಿಮ್ಮ ಎಂಜಿನ್ನಿನಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ. ಎಂಜಿನ್ನಿನ ಕೆಳತುದಿಯಲ್ಲಿ, ಪ್ರೊಪೆಲರ್ ಇರುವ ಕಡೆ, ಗೇರುಗಳಿರುವ ಒಂದು ಅಲ್ಯೂಮಿನಿಯಂ ಗೂಡಿದೆ. ಇಡೀ ಬೇಸಿಗೆ ಅದು ನೀರಿನೊಳಗೇ ಇರುತ್ತದೆ. ನೀರು ಒಳಗೆ ಬರದಂತೆ ತಡೆಯುವುದು ಒಂದೆರಡು ರಬ್ಬರ್ ಸೀಲ್ ಅಷ್ಟೇ. ನೀವು ಮೀನು ಹಿಡಿಯುವವರು. ಯಾರದೋ ತುಂಡಾದ ಗಾಳದ ದಾರ ಪ್ರೊಪೆಲರಿಗೆ ಸುತ್ತಿಕೊಂಡು, ಒಳಕ್ಕೆ ಸರಿದು, ಆ ಸೀಲನ್ನು ಕೊಯ್ಯುತ್ತದೆ. ದೋಣಿ ಓಡುವಾಗ ನಿಮಗೆ ಏನೂ ಗೊತ್ತಾಗುವುದಿಲ್ಲ.

ನನ್ನ ಮೊದಲ ದೋಣಿಯಲ್ಲಿ ಇದೇ ಆಗಿತ್ತು. ಆಗ ನಾನಿನ್ನೂ ವರ್ಕ್‌ಶಾಪ್ ಸೇರಿರಲಿಲ್ಲ. ಗೇರ್ ಆಯಿಲ್ ಹೇಗೂ ಬದಲಿಸಬೇಕು, ವಸಂತದಲ್ಲಿ ಹಾಕಿದರೆ ಹೊಸ ಎಣ್ಣೆಯಲ್ಲೇ ಸೀಸನ್ ಶುರುವಾಗುತ್ತದೆ ಅಂತ ಲೆಕ್ಕ ಹಾಕಿದೆ. ಬುದ್ಧಿವಂತಿಕೆ ಜಾಸ್ತಿಯಾಗಿತ್ತು. ಏಪ್ರಿಲ್‌ನಲ್ಲಿ ಹೊದಿಕೆ ತೆಗೆದರೆ ಗೇರ್ ಗೂಡಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಕೆಳಗೆ ನೆಲದ ಮೇಲೆ ಎಣ್ಣೆ. ನೀರು ಎಣ್ಣೆಗಿಂತ ಭಾರ. ನಿಂತಲ್ಲೇ ನಿಂತು ತಳಕ್ಕೆ ಇಳಿದು, ಅಲ್ಲೇ ಗಡ್ಡೆ ಕಟ್ಟಿ, ಗೂಡನ್ನು ಸೀಳಿತ್ತು. ಎಂಟು ಡಾಲರಿನ ಎಣ್ಣೆ ಉಳಿಸಲು ಹೋಗಿ ಎಂಜಿನ್ನಿನ ಕೆಳಭಾಗವನ್ನೇ ಬದಲಿಸಿದೆ.

ಮಾಡುವ ರೀತಿ ಕಷ್ಟವಿಲ್ಲ. ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ. ಗೂಡಿನ ಮೇಲೆ ಎರಡು ಸ್ಕ್ರೂ ಇರುತ್ತವೆ, ಒಂದು ಕೆಳಗೆ, ಒಂದು ಮೇಲೆ. ಕೆಳಗೆ ಪಾತ್ರೆ ಇಟ್ಟು ಮೊದಲು ಕೆಳಗಿನದು ಬಿಚ್ಚಿ, ಆಮೇಲೆ ಮೇಲಿನದು. ಹೊರಬರುವ ಮೊದಲ ಹನಿಗಳನ್ನು ಕಣ್ಣಿಟ್ಟು ನೋಡಿ. ಮೊದಲು ತಿಳಿ ನೀರು ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ, ಸೀಲ್ ಹೋಗಿದೆ ಅಂತ ಅರ್ಥ. ಕಪ್ಪಗಿದ್ದರೆ ಚಿಂತೆ ಇಲ್ಲ. ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಹಿಟ್ಟಿನಂಥದ್ದು ಅಂಟಿರುತ್ತದೆ, ಅದು ಸಾಮಾನ್ಯ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ. ಹೊಸ ಎಣ್ಣೆಯನ್ನು ಮೇಲಿನಿಂದ ಸುರಿಯಬಾರದು, ಗಾಳಿ ಸಿಕ್ಕಿಕೊಳ್ಳುತ್ತದೆ. ಕೈಪಂಪನ್ನು ಕೆಳಗಿನ ತೂತಿಗೆ ತಿರುಗಿಸಿ ಕೂರಿಸಿ, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಎಣ್ಣೆ ಹೊರಬರುವವರೆಗೆ ಒತ್ತಿ. ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಪಂಪ್ ತೆಗೆದು ಕೆಳಗಿನದನ್ನು ಬೇಗ ಹಾಕಿ. ಎರಡಕ್ಕೂ ಹೊಸ ವಾಷರ್ ಬೇಕು. ಹಳೇ ವಾಷರನ್ನೇ ಹಾಕಿ ಬಿಗಿಯಾಗಿ ತಿರುಗಿಸಿದರೆ ಸಾಕು ಅನ್ನುವವರ ಮಾತು ಕೇಳಬೇಡಿ. ಅದೇ ದಿನ ಪ್ರೊಪೆಲರ್ ಬಿಚ್ಚಿ, ಹಿಂದೆ ದಾರ ಸುತ್ತಿದೆಯಾ ನೋಡಿ, ಶಾಫ್ಟ್‌ಗೆ ಗ್ರೀಸ್ ಹಚ್ಚಿ ಮತ್ತೆ ಹಾಕಿ. ಗೇರ್ ಆಯಿಲ್ ವಾಸನೆ ಕೊಳೆತ ಮೊಟ್ಟೆಯದ್ದು, ಹಳೇ ಬಟ್ಟೆ ಹಾಕಿಕೊಳ್ಳಿ.

ಇನ್ನು ಪೆಟ್ರೋಲು. ಇಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ಹೀರಿದ್ದು ಒಂದು ಮಿತಿ ದಾಟಿದರೆ ನೀರು, ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಇಂಧನ ಎಳೆಯುವುದು ತಳದಿಂದಲೇ, ಅಲ್ವಾ? ಹಾಗೆ ಬೇರೆಯಾದ ಪೆಟ್ರೋಲನ್ನು ಯಾವ ಔಷಧಿಯೂ ಸರಿ ಮಾಡುವುದಿಲ್ಲ. ಮಿನ್ನೆಸೋಟಾದಲ್ಲಿ ಒಂದು ಅನುಕೂಲ ಇದೆ. ಎಥೆನಾಲ್ ಇಲ್ಲದ 91 ಆಕ್ಟೇನ್ ಪೆಟ್ರೋಲು ಎಷ್ಟೋ ಬಂಕುಗಳಲ್ಲಿ ಸಿಗುತ್ತದೆ. ಅದು ದೋಣಿ, ಸ್ನೋಮೊಬೈಲ್, ಹುಲ್ಲು ಕತ್ತರಿಸುವ ಯಂತ್ರ, ಹಳೇ ಕಾಲದ ಕಾರುಗಳಂಥವಕ್ಕೆ ಮಾತ್ರ ಅಂತ ಪಂಪಿನ ಮೇಲೇ ಬರೆದಿರುತ್ತದೆ. ಸ್ವಲ್ಪ ದುಬಾರಿ. ಸೀಸನ್ನಿನ ಕೊನೆಯ ಟ್ಯಾಂಕ್ ಅದೇ ಇರಲಿ.

ಟ್ಯಾಂಕ್ ತುಂಬಿಡಬೇಕಾ, ಖಾಲಿ ಮಾಡಬೇಕಾ ಅನ್ನುವ ಜಗಳ ಇಲ್ಲಿ ಪ್ರತಿ ವರ್ಷ ನಡೆಯುತ್ತದೆ. ನನ್ನ ಅಭಿಪ್ರಾಯ: ದೋಣಿಯೊಳಗೆ ಕೂರಿಸಿದ ಟ್ಯಾಂಕಾದರೆ ಹತ್ತರಲ್ಲಿ ಒಂಬತ್ತು ಪಾಲು ತುಂಬಿಸಿ. ಮೇಲೆ ಖಾಲಿ ಜಾಗ ಕಡಿಮೆಯಿದ್ದರೆ ಒಳಗೆ ತೇವದ ಗಾಳಿ ಓಡಾಡುವುದೂ ಕಡಿಮೆ. ಪೂರ್ತಿ ತುಂಬಿಸಿದರೆ ಬಿಸಿಲು ಬಂದ ದಿನ ಹಿಗ್ಗಿ ಹೊರಗೆ ಸುರಿಯುತ್ತದೆ. ಎತ್ತಿ ಒಯ್ಯಬಹುದಾದ ಕೆಂಪು ಪ್ಲಾಸ್ಟಿಕ್ ಟ್ಯಾಂಕಾದರೆ ಈ ತಲೆನೋವೇ ಬೇಡ. ನಿಮ್ಮದು ಫೋರ್ ಸ್ಟ್ರೋಕ್, ಪೆಟ್ರೋಲಿಗೆ ಎಣ್ಣೆ ಬೆರೆಸಿರುವುದಿಲ್ಲ. ಉಳಿದದ್ದು ಸಾಮಾನ್ಯ ಪೆಟ್ರೋಲಾಗಿದ್ದು, ಹಳತಾಗಿಲ್ಲದಿದ್ದರೆ ಕಾರಿಗೆ ಹಾಕಿ ಓಡಿಸಿಬಿಡಿ.

ಪೆಟ್ರೋಲು ಕೆಡದಂತೆ ಹಾಕುವ ಸ್ಟೆಬಿಲೈಸರ್ ವಿಷಯದಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಟ್ಯಾಂಕಿಗೆ ಸುರಿದು, ಮುಚ್ಚಳ ಹಾಕಿ, ಕೆಲಸ ಆಯಿತು ಅನ್ನುತ್ತಾರೆ. ಅದು ಟ್ಯಾಂಕಿನಲ್ಲಿ ಇದ್ದರೆ ಎಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರಿಗೆ ಏನು ಲಾಭ? ಎಂಜಿನ್ ಹದಿನೈದು ನಿಮಿಷ ಓಡಿದರೆ ಮಾತ್ರ ಔಷಧಿ ಬೆರೆತ ಪೆಟ್ರೋಲು ಎಲ್ಲ ಕೊಳವೆಗೂ ಹೋಗುತ್ತದೆ. ಸುಲಭದ ದಾರಿ ಇಷ್ಟು: ಕೊನೆಯ ಸಲ ಕೆರೆಗೆ ಹೋಗುವ ದಾರಿಯಲ್ಲೇ ಬಂಕಿನಲ್ಲಿ ಮೊದಲು ಸ್ಟೆಬಿಲೈಸರ್, ಮೇಲೆ ಪೆಟ್ರೋಲು ಹಾಕಿ. ಆಮೇಲೆ ಆರಾಮಾಗಿ ಮೀನು ಹಿಡಿಯಿರಿ. ಅರ್ಧ ಕೆಲಸ ಕೆರೆಯ ಮೇಲೇ ಮುಗಿಯಿತು.

ಮನೆಗೆ ಬಂದ ಮೇಲೆ ಎಂಜಿನ್ ಓಡಿಸುವುದಾದರೆ ನೀರು ಹೀರುವ ಜಾಲರಿಗೆ ಮಫ್ಸ್ (ಪೈಪಿನ ನೀರನ್ನು ಎಂಜಿನ್ನಿಗೆ ಕೊಡುವ ರಬ್ಬರ್ ಬಟ್ಟಲುಗಳು) ಹಾಕಿ, ತೋಟದ ಪೈಪ್ ಜೋಡಿಸಿ, ನೀರು ಬಿಟ್ಟ ಮೇಲೇ ಕೀಲಿ ತಿರುಗಿಸಿ. ನೀರಿಲ್ಲದೆ ಸುಮ್ನೆ ಒಂದು ಸಲ ಶಬ್ದ ಕೇಳೋಣ ಅಂತ ಸ್ಟಾರ್ಟ್ ಮಾಡಬೇಡಿ. ಒಳಗಿನ ಪಂಪಿನ ರಬ್ಬರ್ ರೆಕ್ಕೆಗಳು ಕೆಲವೇ ಸೆಕೆಂಡಿನಲ್ಲಿ ಸುಡುತ್ತವೆ. ಗೇರ್ ನ್ಯೂಟ್ರಲ್‌ನಲ್ಲೇ ಇರಲಿ, ಮಕ್ಕಳು ಪ್ರೊಪೆಲರ್ ಹತ್ತಿರ ಬೇಡ. ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಓಡಿದ ಎಣ್ಣೆಯಲ್ಲಿ ತೇವ ಮತ್ತು ಆಮ್ಲ ಸೇರಿರುತ್ತವೆ, ಆರು ತಿಂಗಳು ಬೇರಿಂಗ್ ಮೇಲೆ ಕೂರಲು ಬಿಡುವುದು ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಿಲಿಂಡರಿನೊಳಗೆ ತುಕ್ಕು ಹಿಡಿಯದಂತೆ ಫಾಗಿಂಗ್ ಆಯಿಲ್ ಸಿಂಪಡಿಸುವ ಕ್ರಮ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಕೈಪಿಡಿಯಲ್ಲಿ ನಿಮ್ಮ ಮಾಡೆಲ್‌ಗೆ ಏನು ಹೇಳಿದೆಯೋ ಅಷ್ಟೇ ಮಾಡಿ.

ಕೊನೆಗೆ ಎಂಜಿನ್ನನ್ನು ಪೂರ್ತಿ ಕೆಳಗೆ ಇಳಿಸಿ ನೆಟ್ಟಗೆ ನಿಲ್ಲಿಸಿ. ಔಟ್‌ಬೋರ್ಡಿನ ದೊಡ್ಡ ಗುಣ ಇದು. ನೆಟ್ಟಗೆ ನಿಂತರೆ ತಂಪು ಮಾಡುವ ನೀರು ತಾನೇ ಇಳಿದು ಹೋಗುತ್ತದೆ, ನೀವು ಬೇರೆ ಏನೂ ಹಾಕಬೇಕಿಲ್ಲ. ಇಡೀ ಚಳಿಗಾಲ ಅದು ಹಾಗೇ ಇರಲಿ. ಕೆಲವರು ಅಂದಕ್ಕೆ ಮೇಲೆತ್ತಿ ಇಡುತ್ತಾರೆ. ಮಳೆ ನೀರು, ಕರಗಿದ ಹಿಮ ಪ್ರೊಪೆಲರ್ ನಡುವಿನ ತೂತಿನಿಂದ ಒಳಗೆ ಸೇರಿ ಅಲ್ಲೇ ಗಡ್ಡೆ ಕಟ್ಟುತ್ತದೆ.

ಮೀನು ಜೀವಂತ ಇಡುವ ಲೈವ್‌ವೆಲ್ ನಿಮ್ಮ ದೋಣಿಯಲ್ಲಿ ಇರಲೇಬೇಕು. ತೊಟ್ಟಿ ಖಾಲಿ ಇದ್ದರೂ ಪಂಪ್ ಮತ್ತು ಪೈಪಿನ ಬಾಗಿನಲ್ಲಿ ನೀರು ಇರುತ್ತದೆ. ಆದಷ್ಟು ಹೊರಹಾಕಿ. ಆಮೇಲೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಸುರಿದು, ಹೊರಗಿನ ಬಾಯಲ್ಲಿ ಗುಲಾಬಿ ಬಣ್ಣ ಬರುವವರೆಗೆ ಪಂಪನ್ನು ಒಂದು ಕ್ಷಣ ಓಡಿಸಿ. ಕಾರಿಗೆ ಹಾಕುವ ಹಸಿರು ದ್ರವ ಇಲ್ಲಿ ಬೇಡವೇ ಬೇಡ. ಅದು ಎಥಿಲಿನ್ ಗ್ಲೈಕಾಲ್, ವಿಷ. ರುಚಿ ಸಿಹಿ, ನಾಯಿ ನೆಕ್ಕುತ್ತದೆ. ವಸಂತದಲ್ಲಿ ಅದು ಹೋಗುವುದೂ ಕೆರೆಗೇ. ಗುಲಾಬಿಯದು ಪ್ರೊಪಿಲಿನ್ ಗ್ಲೈಕಾಲ್.

ಆ ಬಾಟಲಿಯ ಮೇಲೆ ಮೈನಸ್ 50 ಅಂತ ದೊಡ್ಡದಾಗಿ ಬರೆದಿರುತ್ತದೆ. ಮೈನಸ್ 50 ಫ್ಯಾರನ್‌ಹೀಟ್‌ವರೆಗೆ ಪೈಪ್ ಒಡೆಯುವುದಿಲ್ಲ ಅಂತ ಮಾತ್ರ ಅದರ ಅರ್ಥ. ಪ್ಲಸ್ 10ರ ಆಸುಪಾಸಿನಲ್ಲೇ ಅದು ಕೆಸರಿನ ಹಾಗೆ ಗಟ್ಟಿಯಾಗಲು ಶುರುವಾಗುತ್ತದೆ. ಒಳಗೆ ನೀರು ಉಳಿದಿದ್ದರೆ ಬೆರೆತು ಇನ್ನೂ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಮೊದಲು ನೀರು ತೆಗೆಯಬೇಕು, ಆಮೇಲೆ ಇದನ್ನು ಹಾಕಬೇಕು.

ಈಗ ಗೆಳೆಯರ ಬೋಟಿನ ಮಾತು. ಅದರ ಎಂಜಿನ್ ಬೋಟಿನ ಹೊಟ್ಟೆಯೊಳಗೆ ಕೂತಿದೆ. ಕಾರಿನ ಎಂಜಿನ್ನಿನ ಹಾಗೆ ಎರಕದ ಕಬ್ಬಿಣದ ಬ್ಲಾಕ್, ಸಾಮಾನ್ಯವಾಗಿ ಅದರೊಳಗೆ ನೇರವಾಗಿ ಕೆರೆಯ ನೀರು. ಔಟ್‌ಬೋರ್ಡಿನ ಹಾಗೆ ಇದು ತಾನಾಗಿ ಖಾಲಿಯಾಗುವುದಿಲ್ಲ. ಬ್ಲಾಕಿಗೂ ಹೊಗೆ ಹೋಗುವ ಮ್ಯಾನಿಫೋಲ್ಡಿಗೂ ಬೇರೆ ಬೇರೆ ಬಿರಡೆಗಳಿವೆ, ಒಂದೊಂದನ್ನೂ ಹುಡುಕಿ ಬಿಚ್ಚಬೇಕು. ಬಿಚ್ಚಿದ ಮೇಲೂ ನೀರು ಬರದಿದ್ದರೆ ಖಾಲಿ ಇದೆ ಅಂತಲ್ಲ. ತುಕ್ಕಿನ ಹುಡಿ ತೂತನ್ನು ಮುಚ್ಚಿರುತ್ತದೆ. ತಂತಿ ಹಾಕಿ ಚುಚ್ಚಿದರೆ ಬುಳಕ್ಕನೆ ಒಂದು ಲೀಟರ್ ಬರುತ್ತದೆ.

ಇನ್ನೊಂದು ಬಲೆ ಇದೆ. ಮಫ್ಸ್ ಹಾಕಿ ಐದು ಗ್ಯಾಲನ್ ಆಂಟಿಫ್ರೀಜ್ ಕುಡಿಸಿ ಹಿಂದಿನಿಂದ ಗುಲಾಬಿ ನೀರು ಬಂದರೆ ಮುಗಿಯಿತು ಅಂತ ವಿಡಿಯೋದಲ್ಲಿ ತೋರಿಸುತ್ತಾರೆ. ಎಂಜಿನ್ ತಣ್ಣಗಿದ್ದರೆ ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗ ಮಾತ್ರ ತೆರೆಯುವ ಕವಾಟ, ಮುಚ್ಚಿರುತ್ತದೆ. ಆಗ ಆ ದ್ರವ ಬ್ಲಾಕಿನೊಳಗೆ ಸರಿಯಾಗಿ ಹೋಗದೆ ಪಕ್ಕದ ದಾರಿಯಲ್ಲೇ ಹಾದು ಹೊರಗೆ ಬಂದಿರುತ್ತದೆ. ನೋಡಿದವರಿಗೆ ಗುಲಾಬಿ ಬಣ್ಣ, ಒಳಗೆ ಕೆರೆಯ ನೀರು. ಬ್ಲಾಕ್ ಸೀಳಿದರೆ ಎಂಜಿನ್ನೇ ಹೋಯಿತು. ಹೆಪ್ಪುಗಟ್ಟಿ ಒಡೆದದ್ದಕ್ಕೆ ಹಲವು ವಿಮೆ ಪಾಲಿಸಿಗಳು ದುಡ್ಡು ಕೊಡುವುದೂ ಇಲ್ಲ. ಈ ವರ್ಷ ಅವರು ಅಂಗಡಿಗೆ ಕೊಟ್ಟು, ಒಪ್ಪಿದರೆ ಪಕ್ಕದಲ್ಲಿ ನಿಂತು ಎಲ್ಲ ಬಿರಡೆಗಳ ಫೋಟೋ ತೆಗೆದುಕೊಳ್ಳಲಿ. ಮುಂದಿನ ವರ್ಷ ಇಬ್ಬರೂ ಸೇರಿ ಮಾಡಿ.

ದೋಣಿಯೊಳಗೆ ಸೇರಿದ ನೀರನ್ನು ಹೊರಬಿಡುವ ಅಡಿಯ ಬಿರಡೆ ನಿಮಗೆ ಗೊತ್ತೇ ಇದೆ. ಮಿನ್ನೆಸೋಟಾದಲ್ಲಿ ಕೆರೆಯಿಂದ ಎತ್ತಿ ರಸ್ತೆಗೆ ಬರುವ ಮೊದಲು ಅದನ್ನು ಬಿಚ್ಚುವುದು ಕಾನೂನು, ಹೊಟ್ಟೆಯಲ್ಲಿ ಒಂದು ಕೆರೆಯ ನೀರು ಇನ್ನೊಂದಕ್ಕೆ ಹೋಗದಿರಲಿ ಅಂತ. ಜೀಬ್ರಾ ಮಸಲ್ ಅನ್ನುವ ಉಗುರಿನಷ್ಟು ಸಣ್ಣ ಚಿಪ್ಪುಜೀವಿ 1989ರಲ್ಲಿ ಡುಲುತ್ ಬಂದರಿನಲ್ಲಿ ಕಾಣಿಸಿತು, 2010ರ ಹೊತ್ತಿಗೆ ಮಿನ್ನೆಟೊಂಕಾ ಕೆರೆಗೂ ಬಂತು. ತೊಳೆಯುವಾಗ ತಳವನ್ನು ಕೈಯಿಂದ ಸವರಿ. ನುಣುಪಾಗಿರಬೇಕಾದ ಕಡೆ ಮರಳುಕಾಗದದ ಹಾಗೆ ಒರಟಾಗಿದ್ದರೆ ಮರಿಗಳು ಅಂಟಿರಬಹುದು. ಚಳಿಗಾಲಕ್ಕೂ ಬಿರಡೆ ಹೊರಗೇ ಇರಲಿ. ಟ್ರೇಲರಿನ ಮುಂದಿನ ಜ್ಯಾಕ್ ಎತ್ತರಿಸಿ ಮೂತಿ ಮೇಲೆ ಮಾಡಿ ನಿಲ್ಲಿಸಿ. ಹೊದಿಕೆ ಸೋರಿದರೂ ನೀರು ಹಿಂದಿನಿಂದ ಹೋಗಿಬಿಡುತ್ತದೆ.

ಬ್ಯಾಟರಿ ಬಗ್ಗೆ ಜನಕ್ಕೆ ವಿಚಿತ್ರ ಭಯ. ಕಾಂಕ್ರೀಟ್ ನೆಲದ ಮೇಲೆ ಇಟ್ಟರೆ ಚಾರ್ಜ್ ಇಳಿಯುತ್ತದೆ ಅನ್ನುವುದು ಹಳೇ ಕಾಲದ ಡಬ್ಬಿಗಳ ಮಾತು, ಈಗಿನ ಪ್ಲಾಸ್ಟಿಕ್ ಡಬ್ಬಿಗೆ ಹಾಗೇನೂ ಆಗದು. ಖಾಲಿಯಾದ ಸಾಮಾನ್ಯ ಬ್ಯಾಟರಿಯ ಆಮ್ಲ ಬರೀ ನೀರಿನಂತೆ ಆಗಿರುತ್ತದೆ, 20 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರವೇ ಹೆಪ್ಪುಗಟ್ಟುತ್ತದೆ. ಪೂರ್ತಿ ಚಾರ್ಜ್ ಆದದ್ದು ಮೈನಸ್ 60ರಲ್ಲೂ ತಡೆಯುತ್ತದೆ. ಚಾರ್ಜ್ ಮಾಡಿ, ತಂತಿ ಬಿಚ್ಚಿ, ಗ್ಯಾರೇಜಿನ ಮೂಲೆಯಲ್ಲಿ ಇಡಿ. ಒಂದೆರಡು ತಿಂಗಳಿಗೊಮ್ಮೆ ನೋಡಿದರೆ ಸಾಕು. ದೋಣಿಯನ್ನು ನಿಧಾನವಾಗಿ ಸಾಗಿಸುವ ಸಣ್ಣ ಟ್ರೋಲಿಂಗ್ ಮೋಟರಿಗೆ ಲಿಥಿಯಂ ಬ್ಯಾಟರಿ ಇದ್ದರೆ ಅದು ಮನೆಯೊಳಗೆ ಬರಲಿ, ಸೊನ್ನೆ ಸೆಲ್ಸಿಯಸ್‌ಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು.

ನಿಮ್ಮ ಪಕ್ಕದ ಮನೆಯವರು ಹೇಳಿದ ಟಾರ್ಪಾಲು ತಪ್ಪಲ್ಲ, ಅದೊಂದೇ ಸಾಲದು ಅಷ್ಟೇ. ಅಂಗಡಿಯ ಪ್ಲಾಸ್ಟಿಕ್ ಸುತ್ತು ಚೆನ್ನಾಗಿರುತ್ತದೆ, ಆದರೆ ಪ್ರತಿ ವರ್ಷ ಕತ್ತರಿಸಿ ಬಿಸಾಡಬೇಕು. 17 ಅಡಿ ದೋಣಿಗೆ ನಾನು ಅದಕ್ಕೆ ದುಡ್ಡು ಕೊಡುವುದಿಲ್ಲ. ನಾನು ಬೆಳೆದದ್ದು ಕುಂದಾಪುರದ ಹತ್ತಿರ, ಗಂಗೊಳ್ಳಿ ಕಡೆ. ಅಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ರಜೆ. ಮಳೆಗಾಲಕ್ಕೆ ದಡಕ್ಕೆ ಎಳೆದ ದೋಣಿಗಳ ಮೇಲೆ ತೆಂಗಿನ ಗರಿಯ ಮಾಡು ಕಟ್ಟುತ್ತಿದ್ದರು. ಮಾಡು ಅಂದಮೇಲೆ ಇಳಿಜಾರು ಇರಲೇಬೇಕು, ಗಾಳಿ ಹಾಯಲೂಬೇಕು. ಅಜ್ಜಂದಿರು ಮಳೆಗೆ ಮಾಡಿದ್ದೇ ಇಲ್ಲಿ ಹಿಮಕ್ಕೂ ಸರಿ.

ದೋಣಿಯ ಉದ್ದಕ್ಕೂ ನಡುವೆ ಒಂದು ಮರದ ಪಟ್ಟಿ ಎತ್ತರಕ್ಕೆ ನಿಲ್ಲಿಸಿ, ಟಾರ್ಪಾಲು ಎರಡೂ ಕಡೆ ಜಾರುವ ಹಾಗೆ ಹಾಕಿ. ಚಪ್ಪಟೆಯಾಗಿ ಬಿಗಿದರೆ ನಡುವೆ ನೀರಿನ ಗುಂಡಿಯಾಗಿ, ಅದರ ಮೇಲೆ ಒದ್ದೆ ಹಿಮ ಬಿದ್ದು ಹರಿಯುತ್ತದೆ. ಮೂಲೆಗಳು ಉಜ್ಜುವ ಕಡೆ ಹಳೇ ಟವೆಲ್ ಕಟ್ಟಿ. ಮುಂದೆ ಹಿಂದೆ ಗಾಳಿಗೆ ಸಂದು ಬಿಡಿ, ಇಲ್ಲದಿದ್ದರೆ ವಸಂತದಲ್ಲಿ ಸೀಟಿನ ಮೇಲೆ ಬೂಷ್ಟು. ಅಂಚಿಗೆ ಭಾರ ಕಟ್ಟುವುದಾದರೆ ಕ್ಯಾನಿಗೆ ಮರಳು ತುಂಬಿ. ನೀರು ತುಂಬಿ ಕಟ್ಟಿ, ಕ್ಯಾನು ಒಡೆದ ಮೇಲೆ ಬಂದು ಹೇಳಿದವರೂ ಇದ್ದಾರೆ. ಮನೆಯ ಸೂರಿನ ಅಂಚಿನ ಕೆಳಗೆ ಮಾತ್ರ ನಿಲ್ಲಿಸಬೇಡಿ. ಮಾರ್ಚಿನಲ್ಲಿ ಮೇಲಿನಿಂದ ಜಾರುವ ಗಡ್ಡೆಗೆ ವಿಂಡ್‌ಶೀಲ್ಡ್ ತಡೆಯದು.

ಹೊದಿಸುವ ಮೊದಲು ಲೈಫ್ ಜಾಕೆಟ್, ಕುಶನ್, ಫಿಶ್ ಫೈಂಡರ್ ಒಳಗೆ ತನ್ನಿ, ಡಬ್ಬಗಳ ಮುಚ್ಚಳ ತೆರೆದಿಡಿ. ಮಕ್ಕಳು ಚೆಲ್ಲಿದ ಚಕ್ಕುಲಿ ಚೂರು ಒಂದೂ ಉಳಿಯದಂತೆ ಗುಡಿಸಿ, ಇಲಿ ಬರುವುದು ಅದಕ್ಕೇ. ಬಂದ ಮೇಲೆ ಸೀಟಿನ ಸ್ಪಂಜನ್ನೂ ತಂತಿಯನ್ನೂ ಬಿಡುವುದಿಲ್ಲ. ಟ್ರೇಲರಿನ ಚಕ್ರದ ಬೇರಿಂಗಿಗೆ ಗ್ರೀಸ್ ತುಂಬಿ, ಟೈರಿಗೆ ಗಾಳಿ ಹಾಕಿ. ಸಾಮಾನಿನ ಖರ್ಚು ನೂರು ಡಾಲರಿನ ಸುತ್ತ ಆಗುತ್ತದೆ, ಸಮಯ ಒಂದು ಪೂರ್ತಿ ಶನಿವಾರ. ಎರಡನೇ ವರ್ಷದಿಂದ ಅರ್ಧ ದಿನ.

ಬಿಚ್ಚಿದ ಬಿರಡೆಯನ್ನು ಎಂಜಿನ್ ಕೀಲಿಗೇ ದಾರದಿಂದ ಕಟ್ಟಿಡಿ. ಮೇ ತಿಂಗಳಲ್ಲಿ ವಾಲೈ ಮೀನಿನ ಸೀಸನ್ ಶುರುವಾಗುವ ಶನಿವಾರ ಯಾವುದೇ ರ‍್ಯಾಂಪಿಗೆ ಹೋಗಿ ನೋಡಿ, ಬಿರಡೆ ಮರೆತು ದೋಣಿ ಇಳಿಸಿ, ಕಾಲ ಬುಡದಲ್ಲಿ ನೀರು ಕಂಡು ಕೂಗುವವರು ಒಬ್ಬರಾದರೂ ಸಿಗುತ್ತಾರೆ.

ಈ ಶನಿವಾರವೇ ಗೇರ್ ಆಯಿಲ್ ಇಳಿಸಿ. ಹಾಲು ಕಾಫಿಯ ಬಣ್ಣ ಬಂದರೆ ಹೊಸ ಎಣ್ಣೆ ಹಾಕಿ ಮುಚ್ಚಿ, ಸೀಲ್ ಬದಲಿಸಲು ಚಳಿಗಾಲದಲ್ಲೇ ಅಂಗಡಿಯಲ್ಲಿ ಹೆಸರು ಬರೆಸಿ. ಜನವರಿಯಲ್ಲಿ ಅವರ ಕೈ ಖಾಲಿ ಇರುತ್ತದೆ, ಏಪ್ರಿಲ್‌ನಲ್ಲಿ ನಿಮ್ಮ ಮುಂದೆ ಐವತ್ತು ದೋಣಿ ಇರುತ್ತವೆ.